ಕೇಳಿದಷ್ಟೇ ಗಾಳಿ: ಮುಳುಗುಗಾರನ ಶ್ವಾಸನಿಯಾಮಕವೂ ಅದರ ಬೆಲೆಯೂ

ಕುರುಪತಿಯು ವೈಶಂಪಾಯನ ಸರೋವರವನ್ನು ಹೊಕ್ಕು ಜಲಮಂತ್ರದ ಬಲದಿಂದ ಅದರ ತಳದಲ್ಲಿ ಅಡಗಿದ್ದ ಕಥೆಯನ್ನು ಗದಾಯುದ್ಧದ ಪ್ರಸಂಗ ಬಲ್ಲ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಂತ್ರವಿಲ್ಲದ ಸಾಮಾನ್ಯ ಮನುಷ್ಯನಾದರೋ ನೀರಿನ ಕೆಳಗೆ ಎರಡು ನಿಮಿಷ ನಿಲ್ಲುವುದೂ ಪ್ರಯಾಸವೇ. ತಾವರೆಯ ದಂಟನ್ನು ಬಾಯಲ್ಲಿ ಕಚ್ಚಿಕೊಂಡು ಕೆರೆಯ ತಳದಲ್ಲಿ ದಿನವೆಲ್ಲ ಅವಿತಿದ್ದ ಕಳ್ಳರ ಕಥೆಗಳು ಅಜ್ಜಿಯರ ಬಾಯಲ್ಲಿ ಬೇಕಾದಷ್ಟು ಉಂಟು. ಆದರೆ ಭೌತಶಾಸ್ತ್ರವು ಇದಕ್ಕೆ ಸಮ್ಮತಿಸುವುದಿಲ್ಲ. ಎದೆಯು ನೀರಿನೊಳಗೆ ಒಂದು ಮೀಟರಿನಷ್ಟು ಇಳಿಯುವಷ್ಟರಲ್ಲಿಯೇ ಸುತ್ತಲಿನ ನೀರು ಪಕ್ಕೆಲುಬುಗಳನ್ನು ಅಮುಕಿ, ಮೇಲಿನ ಗಾಳಿಯನ್ನು ಒಳಗೆಳೆಯುವ ಶಕ್ತಿಯನ್ನು ಮಾಂಸಖಂಡಗಳಿಂದ ಕಿತ್ತುಕೊಳ್ಳುತ್ತದೆ. ಆದುದರಿಂದ ದಂಟು ಎಷ್ಟು ಉದ್ದವಾದರೂ ಪ್ರಯೋಜನವಿಲ್ಲ. ಮುಳುಗಿದವನಿಗೆ ಗಾಳಿಯು ದೊರೆತರೆ ಸಾಲದು. ಅವನಿರುವ ಆಳದಲ್ಲಿ ನೀರಿನ ಒತ್ತಡ ಎಷ್ಟಿರುವುದೋ ಅಷ್ಟೇ ಒತ್ತಡದ ಗಾಳಿಯು, ಅವನು ಉಸಿರೆಳೆದ ಕ್ಷಣದಲ್ಲಿಯೇ, ಅವನು ಎಳೆದಷ್ಟೇ ದೊರೆಯಬೇಕು. ಈ ಕೆಲಸವನ್ನು ಮಾಡುವ ಸಣ್ಣ ಯಂತ್ರಕ್ಕೆ ಇಂಗ್ಲಿಷಿನಲ್ಲಿ ರೆಗ್ಯುಲೇಟರು ಎಂದು ಹೆಸರು. ಇಲ್ಲಿ ಅದನ್ನು ಶ್ವಾಸನಿಯಾಮಕವೆಂದು ಕರೆದಿದೆ. ಈ ಪದವು ಕರ್ಕಶವೆಂದು ತೋರಿದವರು ರೆಗ್ಯುಲೇಟರು ಎಂದೇ ಓದಿಕೊಳ್ಳಬಹುದು.

ಈ ಯಂತ್ರದ ಚರಿತ್ರೆಯಲ್ಲಿ ಒಂದು ವಿಶೇಷವುಂಟು. ಹುಟ್ಟಿನಿಂದಲೂ ಇದು ಮಿತವ್ಯಯದ ಯಂತ್ರ. ಗಾಳಿಯನ್ನು ಪೋಲುಮಾಡದಿರುವುದೇ ಇದರ ಧರ್ಮ. ಹಾಗಿದ್ದರೂ ಇದನ್ನು ಕೊಳ್ಳುವುದು ಮಾತ್ರ ಬಹುಕಾಲದವರೆಗೆ ಧನಿಕರಿಗೇ ಸಾಧ್ಯವಾಗಿದ್ದಿತು. ಇದು ಸಾಮಾನ್ಯ ಸಂಬಳದವರ ಕೈಗೆ ಹೇಗೆ ಬಂದಿತೆಂಬ ಕಥೆಯನ್ನು ತಿಳಿದವನಿಗೆ, ಇಂದು ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿರುವ ಹತ್ತಾರು ಮಾದರಿಗಳಲ್ಲಿ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಾದುದಿಲ್ಲ ಎಂಬುದೂ ತಾನಾಗಿ ತಿಳಿದೀತು.

ಮೊದಲು ಸ್ವಲ್ಪ ಲೆಕ್ಕ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒತ್ತಡವು ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಮೇಲೆ ಒಂದು, 10 ಮೀಟರಿನಲ್ಲಿ ಎರಡು, 30 ಮೀಟರಿನಲ್ಲಿ ನಾಲ್ಕು. ರಾಬರ್ಟ್ ಬಾಯ್ಲನು 1662ರಲ್ಲಿ ಪ್ರಕಟಿಸಿದ ನಿಯಮದಂತೆ ಒತ್ತಡವು ನಾಲ್ಮಡಿಯಾದಾಗ ಅದೇ ಗಾಳಿಯು ಕಾಲುಭಾಗದ ಸ್ಥಳದಲ್ಲಿ ಅಡಗುತ್ತದೆ. ಎಂದರೆ, 30 ಮೀಟರಿನ ಆಳದಲ್ಲಿ ಎದೆ ತುಂಬ ಒಮ್ಮೆ ಉಸಿರೆಳೆದವನು ಮೇಲಿನ ಲೆಕ್ಕದ ನಾಲ್ಕು ಉಸಿರುಗಳನ್ನು ಖರ್ಚುಮಾಡಿದಂತೆ. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಮಂಡಲದ ಒತ್ತಡಕ್ಕೆ ಗಾಳಿ ತುಂಬಿದರೆ ಒಟ್ಟು 2400 ಲೀಟರು. ನಿಮಿಷಕ್ಕೆ 20 ಲೀಟರಿನಂತೆ ಉಸಿರಾಡುವವನಿಗೆ ಇದು ದಡದ ಮೇಲೆ ಎರಡು ಗಂಟೆ, 30 ಮೀಟರಿನ ಕೆಳಗೆ ಕೇವಲ ಅರ್ಧ ಗಂಟೆ. ಅದರಲ್ಲಿಯೂ ಮೇಲೇರುವುದಕ್ಕೆಂದು ಮೀಸಲಿಡಬೇಕಾದ ಭಾಗವನ್ನು ಕಳೆಯಬೇಕು. ಇಂತಹ ಬಿಗಿಯಾದ ಬಂಡವಾಳವನ್ನು ಹೊತ್ತು ಇಳಿಯುವವನಿಗೆ ಒಂದೊಂದು ಉಸಿರೂ ಲೆಕ್ಕದ ಹಣವೇ ಸರಿ.

19ನೆಯ ಶತಮಾನದ ಶಿರಸ್ತ್ರಾಣದ ಮುಳುಗುಗಾರರಿಗೆ ಈ ಚಿಂತೆ ಇರಲಿಲ್ಲ. ಅವರು ತಾಮ್ರದ ದೊಡ್ಡ ಟೋಪಿಯನ್ನು ಧರಿಸಿ, ಸೀಸದ ಭಾರವನ್ನು ಕಟ್ಟಿಕೊಂಡು ಇಳಿಯುತ್ತಿದ್ದರು. ಮೇಲೆ ದೋಣಿಯಲ್ಲಿ ಆಳುಗಳು ಪಂಪನ್ನು ಬಿಡದೆ ತಿರುಗಿಸುತ್ತ ಗಾಳಿಯನ್ನು ತಳ್ಳುತ್ತಿದ್ದರು. ಬೇಕಾದಷ್ಟನ್ನು ಉಸಿರಾಡಿ ಮಿಕ್ಕ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುತ್ತಿದ್ದಿತು. ಇದು ಸರಕಾರ, ಬಂದರು, ಹಡಗಿನ ಕಂಪೆನಿಗಳಿಗೆ ಮಾತ್ರ ಹೊಂದುವ ವೈಭವ. ಕೊಳವೆಯ ಉದ್ದವೇ ಮುಳುಗುಗಾರನ ಸ್ವಾತಂತ್ರ್ಯದ ಉದ್ದ.

ಕೇಳಿದಾಗ ಮಾತ್ರ ಗಾಳಿ ಕೊಡುವ ಯಂತ್ರವು ಹುಟ್ಟಿದುದು ಸಮುದ್ರದಲ್ಲಲ್ಲ, ಗಣಿಯಲ್ಲಿ. ಫ್ರಾನ್ಸಿನ ಆವೇರೊನ್ ಪ್ರಾಂತದ ಎಸ್ಪಾಲಿಯೋನಿನವನಾದ ಬೆನ್ವಾ ರೂಕೈರೋಲ್ ಎಂಬ ಗಣಿ ಎಂಜಿನಿಯರು, ವಿಷಗಾಳಿ ತುಂಬಿದ ಸುರಂಗಗಳಲ್ಲಿ ಸಿಕ್ಕಿಕೊಂಡವರನ್ನು ಬದುಕಿಸಲು ಹೋಗುವವರು ಬೆನ್ನ ಮೇಲೆ ಗಾಳಿಯನ್ನು ಹೊತ್ತೊಯ್ಯುವಂತಾಗಬೇಕೆಂದು ಯೋಚಿಸಿ, 1860ರಲ್ಲಿ ತನ್ನ ನಿಯಾಮಕಕ್ಕೆ ಹಕ್ಕುಪತ್ರವನ್ನು ಪಡೆದನು. ಆಗುಸ್ತ್ ಡೆನೆರೂಜ್ ಎಂಬ ನೌಕಾದಳದ ಅಧಿಕಾರಿಯು ಅದನ್ನು ಕಂಡು, ಸುರಂಗಕ್ಕೆ ತಕ್ಕುದು ಸಾಗರಕ್ಕೂ ತಕ್ಕುದೆಂದು ಗ್ರಹಿಸಿದುದರಿಂದ, 1864ರಲ್ಲಿ ಇಬ್ಬರೂ ಸೇರಿ ಅದನ್ನು ಮುಳುಗುಗಾರನಿಗೆ ಒಗ್ಗಿಸಿದರು. 1867ರ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಈ ಯಂತ್ರಕ್ಕೆ ಚಿನ್ನದ ಪದಕವೂ ದೊರೆಯಿತು. ಇದರೊಂದಿಗೆ ಬಂದ ತಾಮ್ರದ ಮುಖವಾಡವು ಹಂದಿಯ ಮೂತಿಯಂತಿದ್ದುದರಿಂದ ಫ್ರೆಂಚರು ಅದನ್ನು ಆ ಹೆಸರಿನಿಂದಲೇ ಕರೆದರು. ಹೆಸರಿನಲ್ಲಿ ಸೌಂದರ್ಯವಿಲ್ಲದಿದ್ದರೂ ಸತ್ಯವಿದ್ದಿತು.

ರೂಕೈರೋಲನ ಯುಕ್ತಿಯು ಇಂದಿಗೂ ಬದಲಾಗಿಲ್ಲವಾದುದರಿಂದ ಅದನ್ನು ಇಲ್ಲಿ ವಿವರಿಸುವುದು ಅವಶ್ಯಕ. ಗಾಳಿಯನ್ನು ಒತ್ತಿ ತುಂಬಿದ ಒಂದು ಲೋಹದ ಪಾತ್ರೆ. ಅದರ ಮೇಲೊಂದು ಸಣ್ಣ ಕೋಣೆ. ಕೋಣೆಗೂ ಪಾತ್ರೆಗೂ ನಡುವೆ ಒಂದು ಕವಾಟ. ಕೋಣೆಯ ಒಂದು ಬದಿಗೆ ಗೋಡೆಯಿಲ್ಲ, ರಬ್ಬರಿನ ಪೊರೆಯುಂಟು. ಪೊರೆಯ ಹೊರಮೈಯನ್ನು ಸುತ್ತಲಿನ ನೀರು ಮುಟ್ಟುತ್ತಿರುತ್ತದೆ. ಮುಳುಗುಗಾರನು ಉಸಿರೆಳೆದೊಡನೆ ಕೋಣೆಯಲ್ಲಿನ ಗಾಳಿ ಕಡಮೆಯಾಗಿ ಪೊರೆಯು ಒಳಕ್ಕೆ ಬಾಗಿ ಕವಾಟವನ್ನು ಒತ್ತುತ್ತದೆ. ಗಾಳಿಯು ಒಳಕ್ಕೆ ನುಗ್ಗುತ್ತದೆ. ಕೋಣೆಯ ಒತ್ತಡವು ಹೊರಗಿನ ನೀರಿನ ಒತ್ತಡಕ್ಕೆ ಸಮನಾದೊಡನೆ ಪೊರೆಯು ಹಿಂದಕ್ಕೆ ಸರಿದು ಕವಾಟವು ಮುಚ್ಚಿಕೊಳ್ಳುತ್ತದೆ. ಆಳವನ್ನು ಅಳೆಯುವ ಮನುಷ್ಯನಾಗಲಿ ತಿರುಗಿಸುವ ಕೈಯಾಗಲಿ ಬೇಕಾಗಿಲ್ಲ. ನೀರೇ ಅಳತೆಗಾರ, ಉಸಿರೇ ಬೀಗದ ಕೈ.

ಇಷ್ಟು ಸೊಗಸಾದ ಯುಕ್ತಿಯು ಎಂಬತ್ತು ವರುಷ ಮೂಲೆಗುಂಪಾದುದಕ್ಕೆ ಕಾರಣವು ಕಬ್ಬಿಣದ ದುರ್ಬಲತೆ. ಅಂದಿನ ಪಾತ್ರೆಗಳು ಮೂವತ್ತು ನಲವತ್ತು ವಾಯುಮಂಡಲಗಳಿಗಿಂತ ಹೆಚ್ಚನ್ನು ತಾಳಲಾರದೆ ಇದ್ದುದರಿಂದ ಮುಳುಗುಗಾರನು ಮೇಲಿನ ಪಂಪಿನ ಕೊಳವೆಯನ್ನು ಕಳಚಿಕೊಂಡು ಓಡಾಡಬಹುದಾದ ಕಾಲ ಬಹಳ ಅಲ್ಪವಾಗಿದ್ದಿತು. ಜೂಲ್ ವೆರ್ನನು ಮಾತ್ರ ಕಾದಂಬರಿಕಾರನ ಹಕ್ಕನ್ನು ಚಲಾಯಿಸಿ, ಸಮುದ್ರದಡಿಯ ಸಂಚಾರವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಕ್ಯಾಪ್ಟನ್ ನೀಮೋನಿಗೆ ಇದೇ ಯಂತ್ರವನ್ನು ಕೊಟ್ಟು, ಪಾತ್ರೆಯ ಒತ್ತಡವನ್ನು ಐವತ್ತು ವಾಯುಮಂಡಲಕ್ಕೆ ಏರಿಸಿ, ಗಂಟೆಗಟ್ಟಲೆ ನಡೆಸಿದನು. ಲೇಖನಿಗೆ ಉಕ್ಕಿನ ಕೊರತೆಯುಂಟೇ!

ಉಕ್ಕು ಗಟ್ಟಿಯಾದ ಮೇಲೆ, 1926ರಲ್ಲಿ, ಈವ್ ಲ ಪ್ರಿಯರ್ ಎಂಬ ಫ್ರೆಂಚ್ ನೌಕಾಧಿಕಾರಿಯು 150 ವಾಯುಮಂಡಲದ ಸಿಲಿಂಡರನ್ನು ಹೊತ್ತು ಪ್ಯಾರಿಸಿನ ಈಜುಕೊಳವೊಂದರಲ್ಲಿ ಪ್ರದರ್ಶನ ನಡೆಸಿದನು. ಸ್ವಾತಂತ್ರ್ಯವೇನೋ ಬಂದಿತು, ಮಿತವ್ಯಯ ಮಾತ್ರ ಬರಲಿಲ್ಲ. ಅವನ ಉಪಕರಣದಲ್ಲಿ ಗಾಳಿಯು ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುತ್ತಿದ್ದುದರಿಂದ ಉಸಿರು ಬಿಡುವ ಕಾಲದಲ್ಲಿ ಹರಿದುದೆಲ್ಲ ನಷ್ಟವೇ. ಜಾರ್ಜ್ ಕೊಮೆನ್ ಎಂಬ ಇನ್ನೊಬ್ಬನು ಕೇಳಿದಾಗ ಕೊಡುವ ಯಂತ್ರವನ್ನು ಮತ್ತೆ ನಿರ್ಮಿಸಿ 1943ರಲ್ಲಿ ಮಾರ್ಸೇಯ ಬಳಿ 53 ಮೀಟರಿನವರೆಗೆ ಇಳಿದನು. ಅವನು 1944ರಲ್ಲಿ ಸ್ಟ್ರಾಸ್‌ಬರ್ಗಿನ ಕಾಳಗದಲ್ಲಿ ಮಡಿಯದಿದ್ದರೆ ಈ ಚರಿತ್ರೆಯಲ್ಲಿ ಯಾರ ಹೆಸರು ಮುಂದಿರುತ್ತಿದ್ದಿತೋ ಹೇಳಬರುವುದಿಲ್ಲ.

ಇನ್ನು ಪ್ರಧಾನ ಘಟ್ಟ. 1942ರಲ್ಲಿ ಫ್ರಾನ್ಸು ಜರ್ಮನರ ಕೈಯಲ್ಲಿದ್ದಿತು. ಪೆಟ್ರೋಲು ಜನರಿಗೆ ಸಿಕ್ಕುತ್ತಿರಲಿಲ್ಲ. ಮೋಟಾರುಗಳನ್ನು ಇದ್ದಿಲಿನ ಅನಿಲದಿಂದಲೂ ಅಡಿಗೆಯ ಅನಿಲದಿಂದಲೂ ಓಡಿಸುವ ಕಾಲ ಬಂದಿದ್ದಿತು. ಏರ್ ಲಿಕೀಡ್ ಎಂಬ ಅನಿಲದ ಕಂಪೆನಿಯಲ್ಲಿ ನೌಕರನಾಗಿದ್ದ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು, ಎಂಜಿನ್ನು ಎಳೆದಷ್ಟೇ ಅನಿಲವನ್ನು ಕೊಡುವ ಒಂದು ಸಣ್ಣ ಕವಾಟವನ್ನು ರೂಕೈರೋಲನ ಹಳೆಯ ಯುಕ್ತಿಯನ್ನು ಅನುಸರಿಸಿಯೇ ರಚಿಸುತ್ತಿದ್ದನು. ಅದೇ ಕಂಪೆನಿಯ ನಿರ್ದೇಶಕರಲ್ಲೊಬ್ಬನಾದ ಆನ್ರಿ ಮೆಲ್ಕಿಯೋರ್ ಎಂಬುವನ ಅಳಿಯನು ನೌಕಾದಳದ ಲೆಫ್ಟಿನೆಂಟ್ ಜಾಕ್ ಈವ್ ಕುಸ್ತೊ. ಶುದ್ಧ ಆಮ್ಲಜನಕದ ಉಪಕರಣಗಳನ್ನು ಪರೀಕ್ಷಿಸಹೋಗಿ ನೀರಿನೊಳಗೆ ಎರಡು ಸಲ ಸೆಳೆವುಬಂದು ಸಾವಿನ ಬಾಗಿಲನ್ನು ತಟ್ಟಿ ಬಂದಿದ್ದ ಈತನಿಗೆ ಸಾಮಾನ್ಯ ಗಾಳಿಯನ್ನೇ ಹದವಾಗಿ ಕೊಡುವ ಯಂತ್ರ ಬೇಕಾಗಿದ್ದಿತು. ಮಾವನ ಮೂಲಕ ಡಿಸೆಂಬರಿನಲ್ಲಿ ಇಬ್ಬರ ಭೇಟಿಯಾಯಿತು. ಕುಸ್ತೊ ತನ್ನ ಬೇಡಿಕೆಯನ್ನು ಹೇಳುತ್ತಿರುವಾಗಲೇ ಗಾನ್ಯಾನನು ಬೇಕಲೈಟಿನ ಒಂದು ಸಣ್ಣ ಪೆಟ್ಟಿಗೆಯನ್ನು ಕೈಗಿತ್ತು, ಇಂತಹುದು ಬೇಕೋ ಎಂದು ಕೇಳಿದನಂತೆ. ಅದು ಮೋಟಾರಿನ ಕವಾಟವಾಗಿದ್ದಿತು.

ನಮ್ಮ ಮನೆಗಳ ಅಡಿಗೆಕೋಣೆಯಲ್ಲಿ ಅನಿಲದ ಸಿಲಿಂಡರಿನ ತಲೆಯ ಮೇಲೆ ಕೂರಿಸುವ ನಿಯಾಮಕವನ್ನು ದಿನವೂ ತಿರುಗಿಸುವ ಗೃಹಿಣಿಯರು ಈ ಕಥೆಯನ್ನು ಬೇಗ ಗ್ರಹಿಸುವರು. ಅದರೊಳಗೂ ಇರುವುದು ಒಂದು ಪೊರೆ, ಒಂದು ಸ್ಪ್ರಿಂಗು, ಒಂದು ಕವಾಟ. ಸಿಲಿಂಡರಿನ ಬಲವಾದ ಒತ್ತಡವನ್ನು ಒಲೆಗೆ ತಕ್ಕಷ್ಟು ಮೃದುವಾಗಿ ಮಾಡುವುದೇ ಅದರ ಕೆಲಸ. ಒಲೆಯ ನಿಯಾಮಕವೂ ಸಾಗರದ ನಿಯಾಮಕವೂ ಒಂದೇ ವಂಶದವು. ಈ ಸಂಬಂಧವು ಮುಂದೆ ಬಡ ಮುಳುಗುಗಾರರಿಗೆ ಹೇಗೆ ನೆರವಾಯಿತೆಂಬುದು ಕೆಳಗೆ ಬರುತ್ತದೆ.

1943ರ ಜನವರಿಯ ಚಳಿಯಲ್ಲಿ ಪ್ಯಾರಿಸಿನ ಹೊರಗೆ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಡ್ಡಲಾಗಿ ಈಜುವಾಗ ಯಂತ್ರವು ಸೊಗಸಾಗಿ ಕೆಲಸಮಾಡಿತು. ನೆಟ್ಟಗೆ ನಿಂತೊಡನೆ ಗಾಳಿಯು ತಡೆಯಿಲ್ಲದೆ ಸೋರಿಹೋಯಿತು. ತಲೆಕೆಳಗಾದೊಡನೆ ಉಸಿರೇ ಬಾರದಾಯಿತು. ಇಬ್ಬರೂ ಖಿನ್ನರಾಗಿ ಹಿಂದಿರುಗುತ್ತಿರುವಾಗ ಕಾರಣವು ಹೊಳೆಯಿತು. ಉಸಿರು ಹೊರಹೋಗುವ ದ್ವಾರವು ಪೊರೆಗಿಂತ ಕೆಲವು ಅಂಗುಲ ದೂರವಿದ್ದುದರಿಂದ, ನಿಂತಾಗ ಅದು ಮೇಲಾಗಿಯೂ ತಲೆಕೆಳಗಾದಾಗ ಕೆಳಗಾಗಿಯೂ ಇದ್ದು, ಆ ಕೆಲವು ಅಂಗುಲದ ನೀರಿನ ಒತ್ತಡದ ಭೇದವೇ ಇಷ್ಟು ಅನರ್ಥಕ್ಕೆ ಕಾರಣವಾಗಿದ್ದಿತು. ಹೊರದ್ವಾರವನ್ನು ಪೊರೆಯ ಮಗ್ಗುಲಿಗೇ ತಂದಿಟ್ಟೊಡನೆ ದೋಷವು ಹೋಯಿತು. ಆ ಬೇಸಗೆಯಲ್ಲಿ ಬಾಂಡೋಲ್ ಎಂಬಲ್ಲಿ ಕುಸ್ತೊ, ಅವನ ಮಿತ್ರರಾದ ಫಿಲಿಪ್ ತೈಯೇ ಮತ್ತು ಫ್ರೆಡರಿಕ್ ದ್ಯುಮಾ ಸಮುದ್ರಕ್ಕಿಳಿದರು. ಅಕ್ಟೋಬರಿನಲ್ಲಿ ದ್ಯುಮಾ 62 ಮೀಟರಿನವರೆಗೆ ಹೋಗಿಬಂದನು. ಯುದ್ಧವು ಮುಗಿದ ಮೇಲೆ, 1946ರಲ್ಲಿ, ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ 45 ಎಂಬ ಅಂಕೆಯನ್ನೂ ಹೊತ್ತ ನಿಯಾಮಕವು ಮಾರಾಟಕ್ಕೆ ಬಂದಿತು. ಲೋಕವು ಕುಸ್ತೊವನ್ನು ಪೂಜಿಸಿತು. 1956ರ ‘ನಿಶ್ಶಬ್ದ ಪ್ರಪಂಚ’ದ ಚಲಚ್ಚಿತ್ರವನ್ನು ನೋಡಿದ ಕೋಟ್ಯಂತರ ಜನರಲ್ಲಿ ಗಾನ್ಯಾನನ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ! ಅವನು 1947ರಲ್ಲಿಯೇ ಕೆನಡಾದ ಮಾಂಟ್ರಿಯಲ್ಲಿಗೆ ಹೋಗಿ ನೆಲಸಿ, ತನ್ನ ಕೆಲಸವನ್ನು ಸದ್ದಿಲ್ಲದೆ ಮುಂದುವರಿಸಿ 1984ರಲ್ಲಿ ತೀರಿಕೊಂಡನು.

ಯಂತ್ರವು ಸಿದ್ಧವಾಯಿತು; ಬೆಲೆಯ ಪ್ರಶ್ನೆ ಉಳಿಯಿತು. ಹಕ್ಕುಪತ್ರವು ಒಂದು ಕಂಪೆನಿಯ ಕೈಯಲ್ಲಿದ್ದುದರಿಂದ, ಬೇರೆ ದೇಶಗಳಲ್ಲಿ ಅದರ ಅನುಮತಿ ಪಡೆದವರು ಮಾತ್ರ ತಯಾರಿಸಬಹುದಾಗಿದ್ದಿತು. ಇಂಗ್ಲೆಂಡಿನಲ್ಲಿ ಸೀಬೆ ಗೋರ್ಮನ್ ಎಂಬ ಹಳೆಯ ಸಂಸ್ಥೆಗೆ ಆ ಅನುಮತಿ ಇದ್ದಿತು. ಅವರ ಸರಕು ಉತ್ತಮವಾದುದೇ. ಆದರೆ ನೌಕಾದಳಕ್ಕೂ ಬಂದರಿನವರಿಗೂ ಮಾರಿ ಅಭ್ಯಾಸವಿದ್ದವರಿಗೆ ಕಾರ್ಖಾನೆಯ ಗುಮಾಸ್ತೆಯ ಸಂಬಳದ ನೆನಪು ಹೇಗೆ ಬಂದೀತು? 1953ರಲ್ಲಿ ಬ್ರಿಟಿಷ್ ಮುಳುಗುಗಾರರ ಸಂಘವು ಸ್ಥಾಪಿತವಾಯಿತು. ಅದರ ಸದಸ್ಯರಲ್ಲಿ ಅನೇಕರಿಗೆ ಉತ್ಸಾಹವಿದ್ದಿತು, ಹಣವಿರಲಿಲ್ಲ. ಆಗ ಅವರು ಮಾಡಿದುದು ವಿನೋದಕರವೂ ಭಯಂಕರವೂ ಆದ ಕೆಲಸ. ಯುದ್ಧಾನಂತರ ಹರಾಜಿಗೆ ಬಂದಿದ್ದ ವಿಮಾನದಳದ ಆಮ್ಲಜನಕದ ಸಿಲಿಂಡರುಗಳನ್ನು ಕೊಂಡು, ಕ್ಯಾಲರ್ ಎಂಬ ಹೆಸರಿನಿಂದ ಮಾರುತ್ತಿದ್ದ ಅಡಿಗೆಯ ಅನಿಲದ ನಿಯಾಮಕವನ್ನು ಬಿಚ್ಚಿ, ತಿದ್ದಿ, ಬಾಯಿಗೆ ಕಚ್ಚಿಕೊಂಡು ನೀರಿಗಿಳಿದರು. ಕೈಗೆಲಸದ ಪತ್ರಿಕೆಗಳು ಇದನ್ನು ಮನೆಯಲ್ಲಿ ಮಾಡಿಕೊಳ್ಳುವ ಕ್ರಮವನ್ನು ಚಿತ್ರಸಹಿತವಾಗಿ ಪ್ರಕಟಿಸಿದವು. ಒಲೆಯಿಂದ ಮೋಟಾರಿಗೆ, ಮೋಟಾರಿನಿಂದ ಸಾಗರಕ್ಕೆ ಹೋದ ವಿದ್ಯೆಯು ಹೀಗೆ ಪುನಃ ಒಲೆಯಿಂದಲೇ ಸಾಗರಕ್ಕೆ ಇಳಿಯಿತು. ಇದನ್ನು ಇಂದು ಯಾರೂ ಅನುಕರಿಸತಕ್ಕದ್ದಲ್ಲ. ಆ ಕಾಲದ ಅನಿಲದ ನಿಯಾಮಕಗಳ ರಚನೆಯೂ ಈಗ ಮಾರ್ಪಟ್ಟಿದೆ.

ಬೆಲೆಯು ಇಳಿದುದು ಎರಡು ಕಾರಣಗಳಿಂದ. ಮೊದಲನೆಯದು ಸರಳತೆ. 1955ರಲ್ಲಿ ಫ್ರೆಂಚ್ ಕಂಪೆನಿಯೇ ಮಿಸ್ತ್ರಾಲ್ ಎಂಬ ನಿಯಾಮಕವನ್ನು ತಂದಿತು. ಮೊದಲಿನ ಯಂತ್ರವು ಎರಡು ಹಂತಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಇದು ಒಂದೇ ಹಂತದಲ್ಲಿ ಮಾಡಿತು. ಭಾಗಗಳು ಕಡಮೆಯಾದಂತೆ ಬೆಲೆಯೂ ರಿಪೇರಿಯೂ ಕಡಮೆಯಾದವು. ಎರಡನೆಯದು ಸ್ಪರ್ಧೆ. 1959ರಲ್ಲಿ ಇಂಗ್ಲೆಂಡಿನ ಹೆಕ್ಸ್‌ಹ್ಯಾಮ್ ಎಂಬಲ್ಲಿ ಒಂದು ಸಣ್ಣ ಸಂಸ್ಥೆಯು ಹಕ್ಕುಪತ್ರದ ಮಾತುಗಳಿಗೆ ಸಿಕ್ಕದಂತೆ ಬೇರೆ ರಚನೆಯನ್ನು ಮಾಡಿ ಸುಲಭ ಬೆಲೆಗೆ ಮಾರತೊಡಗಿತು. ಆಗ ದೊಡ್ಡವರೂ ತಮ್ಮ ಬೆಲೆಯನ್ನು ಇಳಿಸಿ ಸಾಮಾನ್ಯ ಜನರ ಕಡೆಗೆ ತಿರುಗಿದರು. ವ್ಯಾಪಾರಿಗಳಿಗೆ ಔದಾರ್ಯವು ಹೃದಯದಿಂದ ಬರುವುದಕ್ಕಿಂತ ಎದುರಂಗಡಿಯಿಂದ ಬರುವುದೇ ಹೆಚ್ಚು.

ಆದರೆ ಇಂದಿನ ಯಂತ್ರದ ನಿಜವಾದ ಪಿತಾಮಹನು ಆಸ್ಟ್ರೇಲಿಯಾದ ಮೆಲ್ಬೋರ್ನಿನ ಟೆಡ್ ಎಲ್ಡ್ರೆಡ್. ಕುಸ್ತೊ-ಗಾನ್ಯಾನರ ಯಂತ್ರದಲ್ಲಿ ಎರಡು ಹಂತಗಳೂ ಒಂದೇ ಡಬ್ಬಿಯಲ್ಲಿ ಮುಳುಗುಗಾರನ ಕತ್ತಿನ ಹಿಂದೆ ಇರುತ್ತಿದ್ದವು. ಅಲ್ಲಿಂದ ಬಾಯಿಗೆ ಒಂದು ದಪ್ಪ ಕೊಳವೆ, ಬಾಯಿಂದ ಹಿಂದಕ್ಕೆ ಇನ್ನೊಂದು. ಗುಳ್ಳೆಗಳು ಬೆನ್ನ ಹಿಂದೆ ಹೋಗುತ್ತಿದ್ದುದರಿಂದ ಛಾಯಾಗ್ರಾಹಕರಿಗೆ ಅದು ಪ್ರಿಯವಾಗಿದ್ದಿತಾದರೂ, ಪೊರೆಯು ಎದೆಯಿಂದ ದೂರವಾಗಿ ಬೆನ್ನಿನ ಮೇಲಿದ್ದುದರಿಂದ ಈಜುವ ಭಂಗಿಗೆ ತಕ್ಕಂತೆ ಉಸಿರು ಭಾರವಾಗುತ್ತಿದ್ದಿತು. ಎಲ್ಡ್ರೆಡನು ಎರಡು ಹಂತಗಳನ್ನು ಬೇರ್ಪಡಿಸಿದನು. ಸಿಲಿಂಡರಿನ ತಲೆಯ ಮೇಲೆ ಮೊದಲ ಹಂತವು ಕುಳಿತು, ಇನ್ನೂರರ ಒತ್ತಡವನ್ನು ಸುತ್ತಲಿನ ನೀರಿಗಿಂತ ಒಂಬತ್ತು ಹತ್ತು ವಾಯುಮಂಡಲದಷ್ಟು ಮಾತ್ರ ಹೆಚ್ಚಾದ ಮಧ್ಯಮ ಒತ್ತಡಕ್ಕೆ ಇಳಿಸುವುದು. ಅಲ್ಲಿಂದ ಒಂದು ತೆಳುವಾದ ಕೊಳವೆಯು ಬಾಯಿಗೆ ಬರುವುದು. ಬಾಯಿಯಲ್ಲಿಯೇ ಎರಡನೆಯ ಹಂತವಿದ್ದು ಅದರ ಪೊರೆಯು ಉಸಿರಿನ ಎದುರಿಗೇ ಇರುವುದು. ಪೋರ್ಪಸ್ ಎಂಬ ಹೆಸರಿನ ಈ ನಿಯಾಮಕವು 1952ರಲ್ಲಿ ಮಾರಾಟಕ್ಕೆ ಬಂದಿತು. ಹಕ್ಕುಪತ್ರದ ಗೋಡೆಯನ್ನು ಸುತ್ತಿಹೋಗಬೇಕಾದ ಅನಿವಾರ್ಯವೇ ಉತ್ತಮವಾದ ದಾರಿಯನ್ನು ತೋರಿಸಿದ ಈ ಉದಾಹರಣೆಯು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಿ ಇಡತಕ್ಕದ್ದು. 1960ರಲ್ಲಿ ಎಲ್ಡ್ರೆಡನ ಸಂಸ್ಥೆಯನ್ನು ಅದೇ ಏರ್ ಲಿಕೀಡ್ ಕಂಪೆನಿಯು ಕೊಂಡುಕೊಂಡಿತು. ಸಂಸ್ಥೆಯು ಹೋಯಿತು, ರಚನೆಯು ಗೆದ್ದಿತು. ಇಂದು ಲೋಕದಲ್ಲಿ ಮಾರಾಟವಾಗುವ ನಿಯಾಮಕಗಳು ಬಹುಮಟ್ಟಿಗೆ ಎಲ್ಲವೂ ಒಂದೇ ಕೊಳವೆಯವು.

ಇಲ್ಲಿಂದ ಮುಂದೆ ಚರಿತ್ರೆಯು ಆಯ್ಕೆಯ ಪ್ರಶ್ನೆಯಾಗುತ್ತದೆ. ಬಾಯಿಯ ಹಂತಗಳಲ್ಲಿ ಭೇದವು ಅಲ್ಪ. ಬೆಲೆಯ ಅಂತರವು ಹೆಚ್ಚಾಗಿ ಮೊದಲ ಹಂತದ ರಚನೆಯಿಂದ ಬರುತ್ತದೆ. ಅತ್ಯಂತ ಸರಳವಾದುದು ಸಮತೂಕವಿಲ್ಲದ ಪಿಸ್ಟನ್. ಇದರಲ್ಲಿ ಚಲಿಸುವ ಭಾಗವು ಒಂದೇ. ರಬ್ಬರಿನ ಉಂಗುರಗಳೂ ಕೆಲವೇ. ದೋಷವೇನೆಂದರೆ, ಸಿಲಿಂಡರಿನ ಗಾಳಿಯು ಮುಗಿಯುತ್ತ ಬಂದಂತೆ ಮಧ್ಯಮ ಒತ್ತಡವು ಸ್ವಲ್ಪ ಇಳಿದು ಉಸಿರು ತುಸು ಬಿಗಿಯಾಗುತ್ತದೆ. ಬಹಳ ಆಳದಲ್ಲಿ ಇಬ್ಬರು ಒಂದೇ ಸಿಲಿಂಡರಿನಿಂದ ಎಳೆದರೆ ಇದು ತಿಳಿದುಬರುತ್ತದೆ. ಸಮತೂಕದ ಪಿಸ್ಟನ್ನಿನಲ್ಲಿಯೂ ಸಮತೂಕದ ಪೊರೆಯ ರಚನೆಯಲ್ಲಿಯೂ ಈ ಏರಿಳಿತವಿಲ್ಲ. ಮುಚ್ಚಿದ ಪೊರೆಯ ರಚನೆಯಲ್ಲಿ ನೀರು ಒಳಗಿನ ಸ್ಪ್ರಿಂಗನ್ನು ಮುಟ್ಟದಿರುವುದರಿಂದ ಹಿಮದ ನೀರಿನಲ್ಲಿ ಒಳಗೆ ಮಂಜುಗಟ್ಟುವ ಭಯವೂ ಕಡಮೆ. ಆದರೆ ಭಾಗಗಳು ಹೆಚ್ಚು, ರಿಪೇರಿಯ ವೆಚ್ಚವೂ ಹೆಚ್ಚು. 1963ರಲ್ಲಿ ಸ್ಥಾಪಿತವಾದ ಸ್ಕೂಬಾಪ್ರೊ ಸಂಸ್ಥೆಯ ‘ಮಾರ್ಕ್ 2’ ಎಂಬ ಸರಳ ಪಿಸ್ಟನ್ನು ದಶಕಗಳ ಕಾಲ ಮುಳುಗು ಶಾಲೆಗಳ ಬಾಡಿಗೆಯ ಸರಕಾಗಿ ಬಾಳಿರುವುದನ್ನು ನೋಡಿದರೆ, ಕಲಿಯುವವರ ನಿರ್ದಯ ಕೈಗಳನ್ನು ತಾಳಿಕೊಳ್ಳುವುದು ವೈಭವವಲ್ಲ, ಸರಳತೆಯೇ ಎಂಬುದು ಸ್ಪಷ್ಟ. ಬೆಚ್ಚಗಿನ ನೀರಿನಲ್ಲಿ 18 ಅಥವಾ 20 ಮೀಟರಿನವರೆಗೆ ಮಾತ್ರ ಇಳಿಯುವ ಗೃಹಸ್ಥನಿಗೆ ಇಂತಹ ಸರಳ ಯಂತ್ರವೇ ಸಾಕು. ಟೈಟೇನಿಯಮ್ಮಿನ ಹಗುರತನ, ತಿರುಗುವ ಗೋಪುರ, ಉಸಿರಿನ ಬಿಗಿಯನ್ನು ತಿದ್ದುವ ಗುಬುಟು ಇವೆಲ್ಲ ಭೂಷಣಗಳು. ಭೂಷಣಕ್ಕೆ ಹಣವಿದ್ದವರು ಕೊಡಲಿ.

ಉಳಿಸಬಾರದ ಕಡೆಗಳೂ ಉಂಟು. ಯುರೋಪಿನಲ್ಲಿ ಈ ಯಂತ್ರಗಳಿಗೆ ‘ಇಎನ್ 250’ ಎಂಬ ಪ್ರಮಾಣವನ್ನು ವಿಧಿಸಿದ್ದಾರೆ. 50 ಮೀಟರಿನ ಆಳಕ್ಕೆ ಸಮನಾದ ಒತ್ತಡದಲ್ಲಿ, ಕಷ್ಟಪಟ್ಟು ದುಡಿಯುವವನಂತೆ ನಿಮಿಷಕ್ಕೆ 62.5 ಲೀಟರು ಉಸಿರಾಡಿಸಿ, ಪ್ರತಿ ಲೀಟರಿಗೆ ಮೂರು ಜೂಲಿಗಿಂತ ಹೆಚ್ಚು ಶ್ರಮವಾಗಬಾರದೆಂದು ಪರೀಕ್ಷಿಸುತ್ತಾರೆ. ಅಗ್ಗದ ಯಂತ್ರವೂ ದುಬಾರಿಯ ಯಂತ್ರವೂ ಈ ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದುದರಿಂದ, ಆ ಗುರುತಿರುವ ಅಗ್ಗದ ಯಂತ್ರವನ್ನು ಹೀಗಳೆಯುವ ಅಂಗಡಿಯವನ ಮಾತಿಗೆ ಬೆಲೆ ಕೊಡಬೇಕಾದುದಿಲ್ಲ. 10 ಡಿಗ್ರಿಗಿಂತ ತಣ್ಣಗಿನ ನೀರಿಗೆ ಯೋಗ್ಯವಲ್ಲದುದರ ಮೇಲೆ ಆ ಎಲ್ಲೆಯನ್ನು ಕೆತ್ತಿರುತ್ತಾರೆ. ಉಷ್ಣದೇಶದವರಿಗೆ ಇದು ದೋಷವಲ್ಲ, ಬೆಲೆ ತಗ್ಗಲು ಕಾರಣ. ಯಾವ ಗುರುತೂ ಇಲ್ಲದ, ಬಿಡಿಭಾಗಗಳು ಎಲ್ಲಿ ದೊರೆಯುವವೆಂದು ಮಾರುವವನಿಗೇ ತಿಳಿಯದ ಸರಕನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಕೂಡದು. ಸಿಲಿಂಡರಿಗೆ ಜೋಡಿಸುವ ವಿಧಾನಗಳೂ ಎರಡು: ಹಳೆಯ ನೊಗದ ಬಂಧ, ತಿರುಪಿನ ಬಂಧ. ನೊಗವು 232 ವಾಯುಮಂಡಲದವರೆಗೆ ಮಾತ್ರ. ಇಳಿಯಲಿರುವ ಊರಿನ ಸಿಲಿಂಡರುಗಳು ಯಾವ ಬಗೆಯವೆಂದು ವಿಚಾರಿಸಿ ಕೊಳ್ಳದಿದ್ದರೆ ಜೋಡಣೆಯ ತುಂಡಿಗೆ ಮತ್ತೆ ಹಣ ತೆರಬೇಕಾಗುತ್ತದೆ.

ಮಿತವ್ಯಯಿಗೆ ಎಲ್ಲಕ್ಕಿಂತ ದೊಡ್ಡ ಬಲೆ ಬಳಸಿದ ಸರಕು. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿದವನು, ಅದರ ರಬ್ಬರಿನ ಉಂಗುರಗಳನ್ನೂ ಕವಾಟದ ಪೀಠಗಳನ್ನೂ ತಿಳಿದವರಿಂದ ಬದಲಾಯಿಸಿದಾಗ ಹೊಸದರ ಬೆಲೆಯನ್ನೇ ಮುಟ್ಟಿರುತ್ತಾನೆ. ಆ ಮಾದರಿಯ ಭಾಗಗಳನ್ನು ತಯಾರಿಸುವುದನ್ನು ಕಂಪೆನಿಯು ನಿಲ್ಲಿಸಿದ್ದರಂತೂ ಕೊಂಡುದು ಯಂತ್ರವಲ್ಲ, ಹಿತ್ತಾಳೆಯ ತುಂಡು. ಆದುದರಿಂದ ಕೊಳ್ಳುವ ಮುಂಚೆ ಭಾಗಗಳನ್ನೂ ರಿಪೇರಿಯ ದರವನ್ನೂ ವಿಚಾರಿಸಿ, ಎರಡನ್ನೂ ಬೆಲೆಗೆ ಕೂಡಿಸಿ, ಆ ಮೊತ್ತವನ್ನು ಹೊಸದರ ಬೆಲೆಯೊಡನೆ ಹೋಲಿಸಬೇಕು. ಹಣವಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆಯೂ ಉಂಟು. ಮೊದಲ ಹಂತದ ಬಾಯಿಗೆ ಅದರ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಸಿಲಿಂಡರಿಲ್ಲದೆ ಬಾಯಿಯ ಹಂತದಿಂದ ಮೆಲ್ಲಗೆ ಉಸಿರೆಳೆಯಬೇಕು. ಸ್ವಲ್ಪವೂ ಗಾಳಿ ಬರಕೂಡದು. ಬಂದರೆ ಪೊರೆಯಲ್ಲಿಯೋ ಹೊರದ್ವಾರದ ಕವಾಟದಲ್ಲಿಯೋ ತೂತಿದೆ. ಗಾಳಿ ಬರುವ ದಾರಿಯಲ್ಲಿ ನೀರೂ ಬರುವುದು. ಸಿಲಿಂಡರಿಗೆ ಜೋಡಿಸಿದ ಮೇಲೆ ಮಧ್ಯಮ ಒತ್ತಡವು ಒಂದು ಅಂಕೆಯಲ್ಲಿ ನಿಲ್ಲಬೇಕು; ಮುಳ್ಳು ಮೆಲ್ಲಮೆಲ್ಲನೆ ಏರುತ್ತಿದ್ದರೆ ಪೀಠವು ಸವೆದಿದೆಯೆಂದು ತಿಳಿಯಬೇಕು. ಕೊಳವೆಯನ್ನು ಬಗ್ಗಿಸಿ ನೋಡಿದಾಗ ಬಿರುಕು ಕಂಡರೆ ಅದನ್ನು ಬದಲಾಯಿಸದೆ ನೀರಿಗಿಳಿಯಬಾರದು.

ಯಂತ್ರಕ್ಕೆ ಕೊಡುವ ಹಣದಿಂದ ಬುದ್ಧಿಯನ್ನು ಕೊಳ್ಳಲಾಗದೆಂಬುದಕ್ಕೆ 1947ರ ಒಂದು ದಾರುಣ ಘಟನೆಯು ಸಾಕ್ಷಿ. ಕುಸ್ತೊವಿನ ಸಂಗಡಿಗನಾದ ಮೋರಿಸ್ ಫಾರ್ಗ್ ಎಂಬ ಅನುಭವಿಯು ತೂಲೋನಿನ ಬಳಿ ಆಳದ ಪರೀಕ್ಷೆಗೆ ಇಳಿದು, 120 ಮೀಟರಿನಲ್ಲಿ ಕಟ್ಟಿದ್ದ ಹಲಗೆಯ ಮೇಲೆ ರುಜುಮಾಡಿದನು. ಹಗ್ಗವನ್ನೆಳೆದು ಮೇಲೆ ತಂದಾಗ ಬಾಯಿಯ ತುಂಡು ಕಳಚಿ ಎದೆಯ ಮೇಲೆ ಜೋಲುತ್ತಿದ್ದಿತು. ಪ್ರಾಣವು ಹೋಗಿದ್ದಿತು. ಯಂತ್ರವು ಕೆಟ್ಟಿರಲಿಲ್ಲ, ಆಳದ ಒತ್ತಡದಲ್ಲಿ ಸಾರಜನಕವು ಮದ್ಯದಂತೆ ತಲೆಗೇರಿ ವಿವೇಕವನ್ನು ಕಳೆದಿದ್ದಿತು. ಆದ ಕಾರಣ ಇರುವ ಹಣದಲ್ಲಿ ಮೊದಲ ಪಾಲನ್ನು ಯೋಗ್ಯ ಗುರುವಿನ ಬಳಿ ಶಿಕ್ಷಣಕ್ಕೆ ಕೊಟ್ಟು, ಉಳಿದುದರಲ್ಲಿ ಯಂತ್ರವನ್ನು ಕೊಳ್ಳುವುದು ಲೇಸು. ಪ್ರಾಣಾಯಾಮವನ್ನು ಬಲ್ಲವರಿಗೆ ಆ ಶಿಕ್ಷಣದ ಮೊದಲ ಸೂತ್ರವು ವಿಚಿತ್ರವೆನಿಸೀತು: ಪೂರಕವುಂಟು, ರೇಚಕವುಂಟು, ಕುಂಭಕವು ಸರ್ವಥಾ ನಿಷಿದ್ಧ. ಒತ್ತಡದ ಗಾಳಿಯನ್ನು ಎದೆಯಲ್ಲಿ ಹಿಡಿದುಕೊಂಡು ಮೇಲೇರಿದವನ ಶ್ವಾಸಕೋಶವು ಆ ಗಾಳಿಯು ಹಿಗ್ಗುವುದರಿಂದ ಒಡೆಯುತ್ತದೆ.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಸ್ಥಾನವಾಗಿರುವುದು ಉತ್ತರ ಕನ್ನಡದ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ಯಾತ್ರಿಕರು ಅಲ್ಲಿ ಗುರುಗಳ ಕೈಹಿಡಿದು ಹವಳಗಳನ್ನೂ ಮೀನುಗಳನ್ನೂ ನೋಡಿಬರುತ್ತಾರೆ. ಅರಬ್ಬೀ ಸಮುದ್ರದ ಆ ನೀರು ಬೆಚ್ಚಗಿನದು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ದೋಣಿಗಳು ಹೋಗುವುದಿಲ್ಲ. ವರುಷಕ್ಕೊಮ್ಮೆ ಇಳಿಯುವವನಿಗೆ ಸ್ವಂತ ನಿಯಾಮಕವು ಅನಾವಶ್ಯಕ. ಗುರುಗಳ ಬಾಡಿಗೆಯ ಯಂತ್ರವೇ ಸಾಕು. ಬಾಯಿಗೆ ಕಚ್ಚುವ ರಬ್ಬರಿನ ತುಂಡನ್ನು ಮಾತ್ರ ಸ್ವಂತಕ್ಕೆ ಕೊಂಡರೆ ಅಲ್ಪ ವೆಚ್ಚದಲ್ಲಿ ಶುಚಿತ್ವವಾಯಿತು. ಅದೇ ವಿದ್ಯೆಯನ್ನು ಹಿಡಿದು ಪದೇ ಪದೇ ಇಳಿಯುವವನು ಹಿಮನೀರಿನ ದುಬಾರಿ ಯಂತ್ರವನ್ನು ಬಿಟ್ಟು ಸರಳವಾದುದನ್ನು ಕೊಂಡು, ಸಮುದ್ರದಿಂದ ಬಂದ ಆ ದಿನವೇ ಸಿಹಿನೀರಿನಲ್ಲಿ ನೆನೆಯಿಟ್ಟು ತೊಳೆಯಬೇಕು. ತೊಳೆಯುವ ಮುಂಚೆ ಮೊದಲ ಹಂತದ ಮುಚ್ಚಳವನ್ನು ಒಣಗಿಸಿ ಹಾಕಿರಬೇಕು. ಬಾಯಿಯ ಹಂತದ ಗುಂಡಿಯನ್ನು ನೀರಿನೊಳಗೆ ಒತ್ತಕೂಡದು, ಒತ್ತಿದರೆ ಕವಾಟವು ತೆರೆದು ನೀರು ಕೊಳವೆಯ ಮೂಲಕ ಮೊದಲ ಹಂತವನ್ನು ಸೇರುತ್ತದೆ. ಬಳಿಕ ನೆರಳಿನಲ್ಲಿ ತೂಗುಹಾಕದೆ, ಕೊಳವೆಗಳು ಮುರಿಯದಂತೆ ದೊಡ್ಡ ಸುತ್ತಾಗಿ ಸುತ್ತಿ ಇಟ್ಟು ಆರಿಸಬೇಕು.